ಒಂದು ಲಕ್ಷದ ಕಣ್ಣು

ಕ್ಯಾಮೆರಾ ಕೊಳ್ಳುವವರಿಗೆ ನಮ್ಮ ಕಡೆ ಸಲಹೆಯ ಬರವಿಲ್ಲ. ಸಂಡೂರು ತಾಲ್ಲೂಕಿನ ಯಶವಂತನಗರದ ಯಾವುದಾದರೂ ಚಹಾ ಅಂಗಡಿ ಮುಂದೆ ನಿಂತು, ‘ಸೋನಿ ಆರ್‌ಎಕ್ಸ್100 ತಗೋಬೇಕು’ ಅಂತ ಒಂದೇ ಒಂದು ಸಲ ಅಂದು ನೋಡಿ. ಲೋಟ ಖಾಲಿಯಾಗುವ ಮೊದಲು ಏಳು ಜನ ಏಳು ಮಾರ್ಕು ಹೇಳಿರುತ್ತಾರೆ. ಅವರಲ್ಲಿ ಐವರ ಬಳಿ ಕ್ಯಾಮೆರಾ ಇಲ್ಲ. ಉಳಿದಿಬ್ಬರದು ಬೀರುವಿನಲ್ಲಿದೆ.

ಅಷ್ಟರಲ್ಲಿ ಟಾರ್ಪಾಲು ನೆಟ್ಟಗೆ ಹೊದಿಸದ ಅದಿರು ಲಾರಿಯೊಂದು ಹಾದುಹೋಗುತ್ತದೆ. ಚಹಾದ ಮೇಲೆ ಕೆಂಪು ಕೆನೆ ಕಟ್ಟುತ್ತದೆ. ಯಾರೂ ತಲೆ ಎತ್ತುವುದಿಲ್ಲ. ಪುರುಸೊತ್ತಿಲ್ಲ. ಮಾರ್ಕ್ 5ಕ್ಕೂ ಮಾರ್ಕ್ 5ಎಗೂ ಏನು ವ್ಯತ್ಯಾಸ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

‘ಅಣ್ಣಾ, ಯಾವ್ದು ತಗಳ್ಳಲಿ? ಮೂರಾ, ಏಳಾ?’

‘ಏನು ಫೋಟೊ ತೆಗಿತೀಯಪ್ಪಾ?’

‘ಅದನ್ನ ಇನ್ನಾ ವಿಚಾರ ಮಾಡಿಲ್ಲಣ್ಣಾ.’

ವಿಷಯ ಇಷ್ಟೇ. ಮುಂದೆ ಬರುವುದೆಲ್ಲ ಷರಾ.

ಈ ಸರಕು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಜೇಬಿಗೆ ಹಿಡಿಯಬೇಕು. ಲೆನ್ಸ್ ಬಿಚ್ಚಲು ಬರಬಾರದು. ಮೊಬೈಲಿಗಿಂತ ದೊಡ್ಡ ಸೆನ್ಸರ್ ಇರಬೇಕು. ಬೆಲೆ ಕೇಳಿದವನ ಮುಖ ಸಣ್ಣದಾಗಬೇಕು. ನಾಲ್ಕೂ ಲಕ್ಷಣ ಕೂಡಿದರೆ ಅದು ‘ಪ್ರೀಮಿಯಂ ಕಾಂಪ್ಯಾಕ್ಟ್’.

2010ರಲ್ಲಿ ಜಗತ್ತಿನ ಮಾರುಕಟ್ಟೆಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಹೋದವು. ಬಹುಪಾಲು ಲೆನ್ಸ್ ಬಿಚ್ಚಲಾಗದ ಚಿಕ್ಕವೇ. ಆಮೇಲೆ ಮೊಬೈಲು ಬಂದು ನುಂಗಿತು. 2023ರಲ್ಲಿ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಗಳ ಲೆಕ್ಕ 20 ಲಕ್ಷವನ್ನೂ ಮುಟ್ಟಲಿಲ್ಲ. ಅಗ್ಗದ ಗಿರಾಕಿ ಕೈಬಿಟ್ಟ. ಕಂಪನಿಗಳು ಅಳುತ್ತ ಕೂರಲಿಲ್ಲ. ಉಳಿದ ಗಿರಾಕಿಯ ಜೇಬಿಗೆ ಕೈಹಾಕಿ ಆಳ ಅಳೆದವು.

ಆಳ ಚೆನ್ನಾಗಿಯೇ ಇತ್ತು.

ಸೋನಿ 2012ರಲ್ಲಿ ಮೊದಲ ಆರ್‌ಎಕ್ಸ್100 ತಂದಿತು. ಅಮೆರಿಕದಲ್ಲಿ 650 ಡಾಲರ್. ನಿಜಕ್ಕೂ ಒಳ್ಳೆಯ ಕ್ಯಾಮೆರಾ. ಅಲ್ಲಿಗೇ ಕೈಮುಗಿದು ಎದ್ದು ಹೋಗಬಹುದಿತ್ತು. ಯಾರು ಹೋಗುತ್ತಾರೆ?

2013ರಲ್ಲಿ ಎರಡನೆಯದು, ಅಂದರೆ ಮಾರ್ಕ್ 2. ತಲೆ ಮೇಲೆ ಫ್ಲ್ಯಾಷ್ ಸಿಕ್ಕಿಸಲು ಹಾಟ್ ಶೂ ಕೊಟ್ಟರು. ವಾಲುವ ಪರದೆ ಕೊಟ್ಟರು. ಜನ ಹಿಗ್ಗಿದರು. 2014ರಲ್ಲಿ ಮೂರನೆಯದು. ಒಳಗಿನಿಂದ ಪುಟಿದೇಳುವ ವ್ಯೂಫೈಂಡರ್ ಕೊಟ್ಟರು, ಹಾಟ್ ಶೂ ಕಿತ್ತುಕೊಂಡರು. 28ರಿಂದ 100 ಎಂಎಂ ಇದ್ದ ಲೆನ್ಸು 24ರಿಂದ 70 ಆಯಿತು. ಬೆಳಕು ಜಾಸ್ತಿ, ದೂರ ಕಮ್ಮಿ.

2015ರಲ್ಲಿ ನಾಲ್ಕನೆಯದು. 4ಕೆ ವಿಡಿಯೊ ಬಂತು. ಒಂದು ಸಲಕ್ಕೆ ಐದೇ ನಿಮಿಷ. ನಮ್ಮ ಮದುವೆಗಳಲ್ಲಿ ಅಂತರಪಟ ಹಿಡಿದವರು ಅದನ್ನು ನೆಟ್ಟಗೆ ಹಿಡಿಯುವುದಕ್ಕೇ ಐದು ನಿಮಿಷ ಬೇಕು. 2016ರಲ್ಲಿ ಐದನೆಯದು. ಫೋಕಸ್ ಚುರುಕಾಯಿತು. ಸೆಕೆಂಡಿಗೆ 24 ಚಿತ್ರ.

2018ರಲ್ಲಿ ಆರನೆಯದು. ಜೂಮನ್ನು 200 ಎಂಎಂವರೆಗೆ ಎಳೆದರು. ಎಫ್/1.8 ಇದ್ದ ಬೆಳಕಿನ ಬಾಗಿಲನ್ನು ಎಫ್/2.8ಕ್ಕೆ ಮುಚ್ಚಿದರು. ಒಳಗಿದ್ದ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರನ್ನು ಸದ್ದಿಲ್ಲದೆ ತೆಗೆದರು. ಅದೇ ವರ್ಷ ಐದನೆಯದಕ್ಕೆ ಬಾಲ ಹಚ್ಚಿ 5ಎ ಮಾಡಿದರು. 2019ರಲ್ಲಿ ಏಳನೆಯದು. ಮೈಕ್ ಸಿಕ್ಕಿಸಲು ಒಂದು ತೂತು ಕೊರೆದರು. ಬೆಲೆ 1200 ಡಾಲರ್.

ಏಳು ವರ್ಷ. ಎಂಟು ಕ್ಯಾಮೆರಾ. ಹೊಸದು ಬಂದಾಗ ಹಳೆಯದು ಜಾಗ ಬಿಡಲೂ ಇಲ್ಲ. ಎಷ್ಟೋ ಅಂಗಡಿಗಳಲ್ಲಿ ಮೂರು, ಐದು, ಆರು, ಏಳು ಎಲ್ಲ ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಬೇರೆ ಬೇರೆ ಬೆಲೆ. ನೋಡಲು ಎಲ್ಲವೂ ಒಂದೇ. ಕೊಂಡವನಿಗೇ ಗುರುತು ಸಿಗದಿದ್ದರೆ ತಪ್ಪು ಅವನದಲ್ಲ.

ಇಷ್ಟು ವರ್ಷ ಗಿರಾಕಿಗಳು ಒಂದೇ ಬಾಯಲ್ಲಿ ಬೈದದ್ದು ಬ್ಯಾಟರಿಯನ್ನು. ಸಾಲದು, ಸಾಲದು, ಸಾಲದು. ಕಂಪನಿ ಎಲ್ಲವನ್ನೂ ಬದಲಾಯಿಸಿತು, ಅದೊಂದನ್ನು ಬಿಟ್ಟು. ಮೊದಲನೆಯದಕ್ಕೂ ಏಳನೆಯದಕ್ಕೂ ಅದೇ ಎನ್‌ಪಿ-ಬಿಎಕ್ಸ್1. ಮೊದಲನೆಯದು ಒಂದು ಚಾರ್ಜಿಗೆ 330 ಚಿತ್ರ ತೆಗೆಯುತ್ತಿತ್ತು. ಏಳನೆಯದು 260. ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು, ಚಿತ್ರ 70 ಕಮ್ಮಿ. ಇದಕ್ಕೆ ಪ್ರಗತಿ ಅನ್ನುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ.

ದರೋಜಿ ಕರಡಿಧಾಮಕ್ಕೆ ಹೋದವರು ನೋಡಿರುತ್ತಾರೆ. ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲ, ಜೇನು ಕಲಸಿ ಸವರಿಟ್ಟಿರುತ್ತಾರೆ. ಕರಡಿ ಗವಿಯಿಂದ ಇಳಿದು ಬಂದು ನೆಕ್ಕುತ್ತದೆ. ಜನ ವೀಕ್ಷಣಾ ಗೋಪುರದಲ್ಲಿ ಕೂತು ನೋಡುತ್ತಾರೆ. ಪ್ರತಿ ಮಾರ್ಕಿನಲ್ಲೂ ಕಂಪನಿ ಸವರುವುದು ಇಷ್ಟೇ ಜೇನು. ಒಂದು ಬಂಡೆಗೆ ವ್ಯೂಫೈಂಡರ್, ಮುಂದಿನ ಬಂಡೆಗೆ ಜೂಮು, ಅದರಾಚೆಯ ಬಂಡೆಗೆ ಮೈಕಿನ ತೂತು. ವ್ಯತ್ಯಾಸ ಒಂದುಂಟು. ಕರಡಿ ನೆಕ್ಕಿದ್ದಕ್ಕೆ ಕಂತು ಕಟ್ಟುವುದಿಲ್ಲ.

ಈಗ ಆ ‘ಒಂದು ಇಂಚಿನ ಸೆನ್ಸರ್’ ವಿಚಾರಕ್ಕೆ ಬರೋಣ.

ಒಂದು ಇಂಚು ಅಂದರೆ 25.4 ಮಿಲಿಮೀಟರು. ಇದು ಐದನೇ ಕ್ಲಾಸಿನ ಹುಡುಗಿಗೂ ಗೊತ್ತು. ಈ ಸೆನ್ಸರ್ ಅಗಲ 13.2 ಮಿಲಿಮೀಟರು, ಎತ್ತರ 8.8. ಮೂಲೆಯಿಂದ ಮೂಲೆಗೆ ಅಳೆದರೂ 16 ದಾಟುವುದಿಲ್ಲ. ಹಾಗಾದರೆ ಇಂಚು ಎಲ್ಲಿ ಹೋಯಿತು? ಹಳೇ ಕಾಲದ ಟೆಲಿವಿಷನ್ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆ ಇತ್ತಲ್ಲ, ಆ ಕೊಳವೆಯ ಹೊರಸುತ್ತಿನ ವ್ಯಾಸ ಅದು. ಕೊಳವೆ ಸತ್ತು ದಶಕಗಳಾದವು. ಅದರ ಅಳತೆ ಮಾತ್ರ ಡಬ್ಬಿಯ ಮೇಲೆ ಉಳಿದಿದೆ.

ಬೇರೆ ಊರಿನವರು ಇದನ್ನು ಕೇಳಿ ಬೆಚ್ಚಬಹುದು. ಸಂಡೂರು ತಾಲ್ಲೂಕಿನವರು ಬೆಚ್ಚುವುದಿಲ್ಲ. ಪರ್ಮಿಟ್ಟಿನಲ್ಲಿ ಬರೆದದ್ದು ಎಷ್ಟು ಟನ್ನು, ಲಾರಿಯಲ್ಲಿ ಹೋದದ್ದು ಎಷ್ಟು ಟನ್ನು ಅಂತ ಲೋಕಾಯುಕ್ತ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿ ಓದಿದ ಜನ ನಾವು. ಕಾಗದದ ಅಳತೆ ಬೇರೆ, ಸರಕಿನ ಅಳತೆ ಬೇರೆ. ಇದು ನಮಗೆ ಅಂಗನವಾಡಿ ಪಾಠ. ಆದರೂ ಒಂದು ಇಂಚಿನ ಕ್ಯಾಮೆರಾ ಅಂದರೆ ನಂಬಿಬಿಡುತ್ತೇವೆ.

ಬಿಲ್ಲಿನ ವಿಚಾರ ಇನ್ನೂ ರುಚಿ.

ಅಂಗಡಿಯವ ಕೇಳುತ್ತಾನೆ: ‘ಬಿಲ್ ಬೇಕಾ ಸಾರ್, ಬ್ಯಾಡಾ?’ ಬೇಕಂದರೆ ಒಂದು ರೇಟು, ಬ್ಯಾಡಂದರೆ ಇನ್ನೊಂದು. ಬಿಲ್ಲಿಲ್ಲದ್ದು ಯಾವ ದೇಶದಿಂದ, ಯಾರ ಸೂಟ್‌ಕೇಸಿನಲ್ಲಿ ಬಂತೋ ದೇವರಿಗೇ ಗೊತ್ತು. ವಾರಂಟಿ? ಅಂಗಡಿಯವನ ನಗುವೇ ವಾರಂಟಿ. ನಮ್ಮ ಹುಡುಗ ಬಿಲ್ ಬ್ಯಾಡ ಅನ್ನುತ್ತಾನೆ. ಹೊರಗೆ ಬಂದು, ಪರ್ಮಿಟ್ ಇಲ್ಲದೆ ಅದಿರು ಸಾಗಿಸಿದವರನ್ನು ಗಲ್ಲಿಗೆ ಹಾಕಬೇಕು ಅಂತ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುತ್ತಾನೆ. ಕಂದಾಯ ತಪ್ಪಿಸುವುದು ಬೆಟ್ಟದ ಗಾತ್ರದಲ್ಲಿದ್ದರೆ ಮಾತ್ರ ಅಪರಾಧ. ಜೇಬಿನ ಗಾತ್ರದಲ್ಲಿದ್ದರೆ ಜಾಣತನ.

ಸೋನಿ ಒಂದನ್ನೇ ಬೈದರೆ ಪಕ್ಷಪಾತವಾದೀತು. ಫ್ಯೂಜಿಯವರದೂ ಕೇಳಿ.

2011ರಲ್ಲಿ ಅವರ ಎಕ್ಸ್100 ಬಂತು. ಆಮೇಲೆ ಎಸ್, ಟಿ, ಎಫ್, ವಿ, ವಿಐ. ಐವತ್ತು ವರ್ಷ ಹಿಂದಿನ ಕ್ಯಾಮೆರಾದ ವೇಷ. ಒಂದೇ ಲೆನ್ಸು, ಜೂಮಿಲ್ಲ. ವಿ ಬಂದದ್ದು 2020ರಲ್ಲಿ. ಮಳೆ, ಧೂಳು ತಡೆಯುತ್ತದೆ ಅಂತ ಡಂಗುರ ಹೊಡೆದರು. ನಮ್ಮಂಥ ಕೆಂಪು ಧೂಳಿನವರಿಗೆ ಇದಕ್ಕಿಂತ ಶುಭವಾರ್ತೆ ಉಂಟೇ? ಸಣ್ಣ ಅಕ್ಷರ ಓದಿ. ಧೂಳು ತಡೆಯಬೇಕಾದರೆ ಮುಂದೊಂದು ಉಂಗುರ, ಅದರ ಮೇಲೊಂದು ಫಿಲ್ಟರು ಹಾಕಬೇಕು. ಎರಡನ್ನೂ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಛತ್ರಿ ಮಾರಿ, ಬಟ್ಟೆಗೆ ಬೇರೆ ರೇಟು ಹೇಳಿದ ಹಾಗಾಯಿತು.

2024ರ ಫೆಬ್ರುವರಿಯಲ್ಲಿ ವಿಐ. 40 ಮೆಗಾಪಿಕ್ಸೆಲ್. ಕೈ ನಡುಗಿದರೂ ಚಿತ್ರ ನಡುಗದಂತೆ ಒಳಗೆ ವ್ಯವಸ್ಥೆ. ಉಂಗುರ, ಫಿಲ್ಟರು ಈಗಲೂ ಬೇರೆ. ಕಂಪನಿ ಹುಟ್ಟಿದ ವರ್ಷ 1934. ಆ ಹೆಸರಿನಲ್ಲಿ 1934 ವಿಶೇಷ ಕ್ಯಾಮೆರಾ ಮಾಡಿ ಇನ್ನೂ ಹೆಚ್ಚು ಬೆಲೆಗೆ ಮಾರಿದರು. ಕಂಪನಿಯ ಹುಟ್ಟುಹಬ್ಬ, ಉಡುಗೊರೆ ಗಿರಾಕಿಯಿಂದ.

ರಿಕೋ ಜಿಆರ್ ಅಂತ ಇನ್ನೊಂದಿದೆ. ಅಂಗಿಯ ಜೇಬಿಗೇ ಇಳಿಯುತ್ತದೆ. ಸೆನ್ಸರು ದೊಡ್ಡದು. ಒಳ್ಳೆಯ ಸರಕು, ಒಪ್ಪುತ್ತೇನೆ. ಎರಡನೆಯದರಲ್ಲಿ ಫ್ಲ್ಯಾಷ್ ಇತ್ತು. 2019ರ ಮೂರನೆಯದರಲ್ಲಿ ಮಾಯ. 2021ರಲ್ಲಿ ಅದೇ ಕ್ಯಾಮೆರಾಕ್ಕೆ ಬೇರೆ ಲೆನ್ಸು ಕೂರಿಸಿ 3ಎಕ್ಸ್ ಅಂದರು. 2024ರಲ್ಲಿ ಎನ್‌ಡಿ ಫಿಲ್ಟರ್ ತೆಗೆದು, ಬೆಳಕನ್ನು ಮಂಜುಮಂಜು ಮಾಡುವ ಫಿಲ್ಟರ್ ಕೂರಿಸಿ ಮತ್ತೊಂದು ಅವತಾರ ತಂದರು. ಚಿತ್ರ ಮಂಜಾಗಲಿ ಅಂತ ದುಡ್ಡು ಕೊಡುವ ಜನ ಇದ್ದಾರೆ. ನಮ್ಮ ರಸ್ತೆಗೆ ಬಂದರೆ ಆ ಸೌಲಭ್ಯ ಪುಕ್ಕಟೆ.

ಜಿಆರ್ ಬಳಸುವವರ ಹಳೇ ಗೋಳು ಏನು ಗೊತ್ತೇ? ಸೆನ್ಸರ್ ಮೇಲೆ ಧೂಳು. ಲೆನ್ಸು ಒಳಗೆ ಹೊರಗೆ ಓಡಾಡುವಾಗ ಗಾಳಿಯ ಜತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಹಾಗಾಗಿ ಒರೆಸಲೂ ಬರುವುದಿಲ್ಲ. ಟೋಕಿಯೊದ ಫಳಫಳ ಫುಟ್‌ಪಾತಿನಲ್ಲಿ ನಡೆದವರೇ ಹೀಗೆ ಗೋಳಾಡುತ್ತಾರೆ. ಅದೇ ಕ್ಯಾಮೆರಾವನ್ನು ಯಶವಂತನಗರದ ರಸ್ತೆ ಬದಿಯಲ್ಲಿ ಒಂದು ವಾರ ಬೀಸಿ ನೋಡಲಿ. ಸೆನ್ಸರಿನಿಂದಲೇ ಕಬ್ಬಿಣ ತೆಗೆಯಬಹುದು.

ಕೊನೆಗೆ ಲೈಕಾ. ಪ್ಯಾನಾಸೋನಿಕ್‌ನವರ ಎಲ್‌ಎಕ್ಸ್100 ಮಾರ್ಕ್ 2 ಬಂದದ್ದು 2018ರಲ್ಲಿ, 1000 ಡಾಲರಿಗೆ. ಅದೇ ವರ್ಷ ಲೈಕಾ ಡಿ-ಲಕ್ಸ್ 7 ಬಂತು. ಅದೇ ಸೆನ್ಸರು, ಅದೇ ಲೆನ್ಸು. ಮೈ ಕೊಂಚ ನುಣುಪು, ಮುಂದೆ ಒಂದು ಕೆಂಪು ಚುಕ್ಕೆ. ಸುಮಾರು 200 ಡಾಲರ್ ಜಾಸ್ತಿ. ನಮ್ಮ ಲಾರಿಗಳು ಅಂಗಿಯ ಮೇಲೆ ನೂರು ಕೆಂಪು ಚುಕ್ಕೆ ಇಡುತ್ತವೆ, ನಯಾಪೈಸೆ ಕೇಳುವುದಿಲ್ಲ.

ಹೊಸ ಮಾದರಿ ಬಿಡುವ ಚಟ ಕಂಪನಿಗಳಿಗೆ ಮಾತ್ರ ಅಂತ ತಿಳಿಯಬೇಡಿ. ಸರ್ಕಾರವೂ ಕಮ್ಮಿಯಿಲ್ಲ. 2014ರಲ್ಲಿ ಬಳ್ಳಾರಿ, ಹೊಸಪೇಟೆಯ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಹೊಸ ಮಾರ್ಕು ಬಂತು. 2021ರಲ್ಲಿ ಜಿಲ್ಲೆಗೇ ಬಂತು, ಒಂದಿದ್ದದ್ದು ಎರಡಾಯಿತು. ಹೊಸಪೇಟೆ, ಹಂಪಿ ಹೊಸ ಮಾದರಿಗೆ ಹೋದವು. ಸಂಡೂರು, ಕಂಪ್ಲಿ ಹಳೆಯದರಲ್ಲೇ ಉಳಿದವು. ಬೋರ್ಡು ಬದಲಾಯಿತು, ಕಚೇರಿ ಬದಲಾಯಿತು. ಧೂಳಿಗೆ ಆದೇಶದ ಪ್ರತಿ ತಲುಪಲಿಲ್ಲ. ಅದು ಎರಡೂ ಜಿಲ್ಲೆಯಲ್ಲಿ ಕೂರುತ್ತಿದೆ.

ಧೂಳಿನ ಮಾತು ಬಂತು. ಕ್ಯಾಮೆರಾ ಕೊಂಡವರ ಮನೆಗೆ ಹೋಗಿ ನೋಡಿ. ಗಾಳಿಯಾಡದ ಡಬ್ಬಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮೆತ್ತನೆಯ ಬಟ್ಟೆ. ಧೂಳು ಊದುವ ರಬ್ಬರ್ ಬುಡ್ಡಿ. ಕ್ಯಾಮೆರಾಕ್ಕೆ ಅಷ್ಟೂ ಉಪಚಾರ. ಅದೇ ಮನೆಯ ಮಗು ಅದೇ ರಸ್ತೆಯಲ್ಲಿ, ಅದೇ ಲಾರಿಗಳ ನಡುವೆ, ಮೂಗಿಗೆ ಕರ್ಚೀಫು ಹಿಡಿದು ಶಾಲೆಗೆ ಹೋಗುತ್ತದೆ. ಸೆನ್ಸರಿಗೆ ಧೂಳು ಕೂತರೆ ಬೆಂಗಳೂರಿನ ಸರ್ವಿಸ್ ಸೆಂಟರು. ಶ್ವಾಸಕೋಶಕ್ಕೆ ಕೂತರೆ ‘ಏನಿಲ್ಲ ಬಿಡ್ರಿ, ಸಾದಾ ಕೆಮ್ಮು’.

ಇನ್ನು ಇಷ್ಟೆಲ್ಲ ಕೊಂಡು ಏನು ತೆಗೆಯುತ್ತಾರೆ ನೋಡೋಣ.

ಹಂಪಿಗೆ ಹೋಗುತ್ತಾರೆ. ಕಲ್ಲಿನ ರಥದ ಮುಂದೆ ನಿಲ್ಲುತ್ತಾರೆ. ಆ ರಥ 50 ರೂಪಾಯಿ ನೋಟಿನ ಹಿಂದೆಯೇ ಅಚ್ಚಾಗಿದೆ. ಒಂದು ಲಕ್ಷ ಕೊಟ್ಟು ತೆಗೆದದ್ದೂ ಅದೇ ಕೋನ, ಅದೇ ರಥ. ನೋಟಿನಲ್ಲಿ ಅಡ್ಡ ನಿಂತ ಭಾವಮೈದುನ ಇಲ್ಲ, ಅದೊಂದೇ ಹೆಚ್ಚುಗಾರಿಕೆ.

ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲ ಕೋಣೆಗೂ ಹೋಗುತ್ತಾರೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದರಿಂದ ಬೆಳಕು ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಲೆನ್ಸಿಲ್ಲ, ಸೆನ್ಸರಿಲ್ಲ, ಬ್ಯಾಟರಿಯಿಲ್ಲ, ಮಾರ್ಕಿಲ್ಲ. ಕ್ಯಾಮೆರಾದ ಮೂಲತತ್ವ ಇಷ್ಟೇ, ನಮ್ಮೂರ ಗೋಡೆ ಮೇಲೇ ಇದೆ. ನಮ್ಮ ಏಳನೇ ಮಾರ್ಕಿನವ ಅದರ ಫೋಟೊ ಹೊಡೆದು, ಪರದೆ ನೋಡಿ, ಮುಖ ಕಿವುಚುತ್ತಾನೆ: ‘ಶಾರ್ಪ್ ಇಲ್ಲ.’ ಆ ಕತ್ತಲಿಗೆ ಎಫ್/1.8 ಇದ್ದ ಮೂರನೆಯದೇ ವಾಸಿಯಿತ್ತು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಚಹಾ ಅಂಗಡಿಯಲ್ಲಿ ಕತ್ತಲಿನ ಮಾತೇ ಬಂದಿರಲಿಲ್ಲ.

ದರೋಜಿಗೆ ಹೋಗುತ್ತಾನೆ. 200 ಎಂಎಂ ಜೂಮ್ ಪೂರ್ತಿ ಎಳೆಯುತ್ತಾನೆ. ಕರಡಿ ಬಂಡೆ ಮೇಲೊಂದು ಕರೀ ಚುಕ್ಕೆ. 70 ಎಂಎಂನಲ್ಲಿ ಚುಕ್ಕೆ ಸಣ್ಣದಿರುತ್ತಿತ್ತು. ಅಷ್ಟಕ್ಕೆ ಇಷ್ಟು ದುಡ್ಡು.

ಆಮೇಲೆ ಸಂಡೂರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಅನ್ನುವ ಮಾತು ಗಾಂಧೀಜಿಯ ಹೆಸರಿನಲ್ಲಿ ಓಡಾಡುತ್ತದೆ. ಮಳೆ ಬಿದ್ದಿರುತ್ತದೆ. ಗುಡ್ಡ ಹಸಿರಾಗಿರುತ್ತದೆ. ಮೋಡ ಕೆಳಗಿಳಿದಿರುತ್ತದೆ. ಕ್ಯಾಮೆರಾಗಳೆಲ್ಲ ಬೀರುವಿನಿಂದ ಹೊರಬೀಳುತ್ತವೆ.

ಇಲ್ಲಿ ಗಮನಿಸಿ. ಅಸಲಿ ಆಟ ಇಲ್ಲೇ ಇರುವುದು.

24 ಎಂಎಂನಲ್ಲಿ ತೆಗೆದರೆ ಕಣಿವೆ ಪೂರ್ತಿ ಬರುತ್ತದೆ. ಹಸಿರೂ ಬರುತ್ತದೆ. ಅದರ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು ಗಾಯವೂ ಬರುತ್ತದೆ. ಅದು ಬೇಡ. ಲೈಕು ಕಮ್ಮಿಯಾಗುತ್ತದೆ. ಆಗ ಜೂಮ್ ಎಳೆಯುತ್ತಾರೆ. 50, 70, 100, 150. ಗಾಯ ಒಂದೊಂದೇ ಅಂಚಿನಿಂದ ಹೊರಗೆ ಜಾರುತ್ತದೆ. ಕೊನೆಗೆ ಒಂದು ತುಂಡು ಹಸಿರು, ಒಂದು ತುಂಡು ಮೋಡ ಉಳಿಯುತ್ತದೆ. ಕ್ಲಿಕ್. ‘ಉತ್ತರ ಕರ್ನಾಟಕದ ಮಲೆನಾಡು’ ಅಂತ ಅಡಿಬರಹ.

200 ಎಂಎಂ ಯಾಕೆ ಬೇಕು ಅಂತ ಈಗ ತಿಳಿಯಿತೇ? ಬೆಟ್ಟ ದೂರ ಇದೆ ಅಂತಲ್ಲ. ತೀರಾ ಹತ್ತಿರ ಇದೆ ಅಂತ.

ಪ್ರವಾಸೋದ್ಯಮದ ಫ್ಲೆಕ್ಸುಗಳೂ ಇದೇ ಶಾಲೆಯಲ್ಲಿ ಓದಿದವು. ಅವುಗಳಲ್ಲಿ ಒಂದೂ ಗಣಿಯಿಲ್ಲ, ಲಾರಿಯಿಲ್ಲ, ಧೂಳಿಲ್ಲ. ನಾವು ಸರ್ಕಾರ ಸತ್ಯ ಮುಚ್ಚಿಡುತ್ತದೆ ಅಂತ ಕೂಗಾಡುತ್ತೇವೆ. ಸರ್ಕಾರ ಮುಚ್ಚಿಟ್ಟರೆ ಸಂಚು, ನಾವು ಮುಚ್ಚಿಟ್ಟರೆ ‘ಕಂಪೋಸಿಷನ್’.

ಕ್ಯಾಮೆರಾ ನಿಜಕ್ಕೂ ಏನು ಮಾಡಬಲ್ಲದು ಅಂತ ನೋಡಬೇಕಾದರೆ ದೂರ ಹೋಗಬೇಕಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಮದ್ರಾಸ್ ಸೇನೆಯ ಅಧಿಕಾರಿ ಹಂಪಿಗೆ ಬಂದ. ಮೇಣ ಹಾಯಿಸಿದ ಕಾಗದವೇ ಅವನ ನೆಗೆಟಿವ್. ಮೇಜಿನಷ್ಟು ಸಾಮಾನು. 60ಕ್ಕೂ ಹೆಚ್ಚು ಚಿತ್ರ ತೆಗೆದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ತೆಗೆದ. ನಡುವೆ 127 ವರ್ಷ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಸಾಕು. ಯಾವ ಕಂಬ ಬಿತ್ತು, ಯಾವ ಗೋಪುರ ಕರಗಿತು, ಯಾವುದನ್ನು ಎತ್ತಿ ನಿಲ್ಲಿಸಿದರು ಅಂತ ಕಣ್ಣಿಗೇ ಕಾಣುತ್ತದೆ. ಯಾರೂ ವಾದ ಮಾಡಬೇಕಿಲ್ಲ.

ಗ್ರೀನ್‌ಲಾನ ಕ್ಯಾಮೆರಾ ಯಾವ ಮಾರ್ಕು ಅಂತ ಯಾರೂ ಕೇಳಲಿಲ್ಲ. ಎಲ್ಲಿ ನಿಂತಿದ್ದ ಅಂತ ಕೇಳಿದರು.

ಈಗ ಹೇಳಿ. ನಮ್ಮ ಗುಡ್ಡಗಳ ಇಂಥ ಜೋಡಿ ಚಿತ್ರ ಎಲ್ಲಿದೆ? ಕಳೆದ 25 ವರ್ಷಗಳಲ್ಲಿ ಸಂಡೂರಿನ ಬೆಟ್ಟಸಾಲಿನ ಗೆರೆಯೇ ಬದಲಾಗಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಅಳೆದು, ಅಕ್ರಮ ಎಷ್ಟು ಅನ್ನುವುದರ ಮೇಲೆ ಎ, ಬಿ, ಸಿ ಅಂತ ಮೂರು ಮಾರ್ಕು ಮಾಡಿದರು. 2013ರ ಏಪ್ರಿಲ್‌ನಲ್ಲಿ ಸಿ ರದ್ದಾಯಿತು, ಎ ಮತ್ತು ಬಿ ಉಳಿದವು. ಮಾರ್ಕು ಅಂದರೆ ಜೀವ ಬಿಡುವ ನಮ್ಮ ಹುಡುಗರಲ್ಲಿ ಎಷ್ಟು ಜನ ಈ ಮೂರು ಮಾರ್ಕಿನ ವ್ಯತ್ಯಾಸ ಹೇಳಬಲ್ಲರು? ಆರ್‌ಎಕ್ಸ್100ರ ಎಂಟನ್ನೂ ಕಂಠಪಾಠ ಒಪ್ಪಿಸುತ್ತಾರೆ. ಕಣ್ಣೆದುರಿನ ಗುಡ್ಡ ಎಯೋ ಬಿಯೋ ಗೊತ್ತಿಲ್ಲ.

2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದ 401 ಹೆಕ್ಟೇರ್ ಕಾಡು ಗಣಿಗೆ ಬೇಕು ಅನ್ನುವ ಕಡತ ಮೇಲೆದ್ದಿತು. ಸುಮಾರು 99 ಸಾವಿರ ಮರಗಳ ಲೆಕ್ಕ. ಕೇಂದ್ರ, ರಾಜ್ಯ ಕಿತ್ತಾಡಿದವು. ಸಂಡೂರಿನಲ್ಲಿ ಜನ ಬೀದಿಗಿಳಿದರು. ಆ ಕಾಡು ಇವತ್ತು ಹೇಗಿದೆ ಅಂತ ನಾಲ್ಕು ದಿಕ್ಕಿನಿಂದ ತೆಗೆದಿಡಲು ಸೆಕೆಂಡಿಗೆ 24 ಚಿತ್ರ ಬೇಕಿಲ್ಲ. ವರ್ಷಕ್ಕೆ ನಾಲ್ಕು ಸಾಕು. ಅದೇ ಬಂಡೆ, ಅದೇ ಕೋನ, ಅದೇ ತಿಂಗಳು. 2012ರ ಮೊದಲ ಮಾರ್ಕು ಧಾರಾಳವಾಗಿ ಮಾಡುತ್ತದೆ. ಕೈಯಲ್ಲಿರುವ ಮೊಬೈಲೂ ಮಾಡುತ್ತದೆ.

ಆದರೆ ನಮ್ಮ ಹುಡುಗರು ಮಾಡುವುದಿಲ್ಲ. ಯಾಕೆಂದರೆ ಅಂಥ ಚಿತ್ರ ತೆಗೆದರೆ ಮುಂದೆ ಯಾರಾದರೂ ಸಾಕ್ಷಿ ಕೇಳಬಹುದು. ಸಾಕ್ಷಿ ಹೇಳಬೇಕಾದೀತು. ಮಾವನ ಲಾರಿ ಅದೇ ಗಣಿಗೆ ಓಡುತ್ತಿರುತ್ತದೆ. ಕ್ಯಾಮೆರಾದ ಮೊದಲ ಕಂತು ಬಂದದ್ದೂ ಅದೇ ಲಾರಿಯಿಂದ.

ನಮ್ಮ ಸಂಡೂರಿನಲ್ಲೇ ಎಂ.ವೈ. ಘೋರ್ಪಡೆ ಇದ್ದರು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿ. ಕಪ್ಪು-ಬಿಳುಪು ವನ್ಯಜೀವಿ ಚಿತ್ರಗಳಿಗೆ ಹೆಸರಾದವರು. 1983ರಲ್ಲಿ ಅವರ ಚಿತ್ರಗಳ, ಕಾಡಿನ ಅನುಭವದ ಪುಸ್ತಕ ಬಂತು. ಅವರ ಮನೆತನಕ್ಕೆ ಗಣಿಯೂ ಇತ್ತು, ಕ್ಯಾಮೆರಾವೂ ಇತ್ತು. ಈ ಊರಿನ ವಿರೋಧಾಭಾಸಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಜೋಡಿ ಸಿಗದು. ಆದರೆ ಒಂದು ಮಾತು ಒಪ್ಪಲೇಬೇಕು. ಆ ಮನುಷ್ಯ ಕಾಡಿಗೆ ಹೋಗಿ, ಕಾದು, ಚಿತ್ರ ತೆಗೆದರು. ಒಂದು ರೋಲಿಗೆ 36 ಚಿತ್ರ ಇದ್ದ ಕಾಲ ಅದು. ಏಳನೇ ಮಾರ್ಕು ಸೆಕೆಂಡಿಗೆ 20 ಹೊಡೆಯುತ್ತದೆ. ಇಡೀ ರೋಲು ಎರಡು ಸೆಕೆಂಡಿನೊಳಗೆ ಮುಗಿಯಿತು. ಆಮೇಲೆ ಆ 36ರಲ್ಲಿ ಒಳ್ಳೆಯದು ಯಾವುದು ಅಂತ ನಾಲ್ವರನ್ನು ಕೇಳುವುದು.

ಇಷ್ಟು ಬೈದ ಮೇಲೂ ‘ಅದಿರಲಿ ಸಾರ್, ಯಾವ್ದು ತಗಳ್ಳಲಿ?’ ಅಂತಲೇ ಕೇಳುತ್ತೀರಿ. ಗೊತ್ತು. ಬರೆದುಕೊಳ್ಳಿ.

ಮನೆ, ಮಕ್ಕಳು, ಗುಡಿಯ ಒಳಗಿನ ಮಂದ ಬೆಳಕು ಇವೇ ನಿಮ್ಮ ಲೋಕವಾದರೆ ಮೂರು ಅಥವಾ 5ಎ. ಎಫ್/1.8 ಅಲ್ಲಿ ಕೈಹಿಡಿಯುತ್ತದೆ. ಓಡುವ ಮಕ್ಕಳಿದ್ದರೆ 5ಎ, ಕೂತ ಅಜ್ಜಿಯಿದ್ದರೆ ಮೂರು.

ಬಯಲು, ಪ್ರವಾಸ, ಜಾತ್ರೆ, ತೇರು ಅನ್ನುವವರಿಗೆ ಏಳು. ಹಗಲಿನಲ್ಲಿ ಎಫ್/2.8 ಕಮ್ಮಿಯೇನಲ್ಲ. ವಿಡಿಯೊದಲ್ಲಿ ಮಾತು ಕೇಳಿಸಬೇಕಾದರೂ ಅದೇ, ಮೈಕಿನ ತೂತು ಅದಕ್ಕೇ ಇರುವುದು. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ. ನಾಲ್ಕು, ಆರು ಮರೆತುಬಿಡಿ. ಅವುಗಳ ಕೆಲಸವನ್ನು ಅವುಗಳ ತಮ್ಮಂದಿರು ಚೆನ್ನಾಗಿ ಮಾಡುತ್ತಾರೆ.

ಜೂಮಿಲ್ಲದೆ ಬದುಕಬಲ್ಲೆ, ಕಾಲಿನಲ್ಲಿ ನಡೆದು ಹತ್ತಿರ ಹೋಗಬಲ್ಲೆ ಅನ್ನುವವರಿಗೆ ಮಾತ್ರ ಫ್ಯೂಜಿ, ರಿಕೋ. ಉಂಗುರದ ದುಡ್ಡು ಬೇರೆ ತೆಗೆದಿಡಿ. ಕೆಂಪು ಚುಕ್ಕೆ ಬೇಕಾದವರು ರಸ್ತೆ ಬದಿ ನಿಲ್ಲಿ.

ಹೊಸದು ಮಾತ್ರ ಕೊಳ್ಳಬೇಡಿ. ಸ್ವಲ್ಪ ತಾಳಿ. ಈಗ ಚಹಾ ಅಂಗಡಿಯಲ್ಲಿ ಮಾರ್ಕಿಗೆ ಜಗಳಾಡುತ್ತಿರುವವರೇ ನಿಮಗೆ ಮಾರುತ್ತಾರೆ. ಅವರು ಕೊಂಡ ದಿನ ಡಬ್ಬಿ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾರೆ. ಎರಡು ಸಲ ಹಂಪಿ, ಒಂದು ಸಲ ಗೋವಾ. ಮುಂದಿನ ಮಾರ್ಕಿನ ಸುದ್ದಿ ಬರುತ್ತಲೇ ಜಾಹೀರಾತು ಹಾಕುತ್ತಾರೆ: ‘ಒಂದೇ ವರ್ಷ ಬಳಕೆ. ಒಂದು ಗೀರೂ ಇಲ್ಲ. ಬಾಕ್ಸ್ ಸಮೇತ. ಶಟರ್ ಕೌಂಟ್ ತುಂಬಾ ಕಮ್ಮಿ.’

ಶಟರ್ ಕೌಂಟ್ ಅಂದರೆ ಎಷ್ಟು ಫೋಟೊ ತೆಗೆದಿದ್ದಾರೆ ಅನ್ನುವ ಲೆಕ್ಕ. ಕ್ಯಾಮೆರಾ ಕೊಂಡು ಫೋಟೊ ತೆಗೆದಿಲ್ಲ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹೆಮ್ಮೆಪಡುತ್ತಾರೆ. ಆ ಲೆಕ್ಕ ಎಷ್ಟು ಕಮ್ಮಿಯೋ ಬೆಲೆ ಅಷ್ಟು ಜಾಸ್ತಿ.

ಹೋಗಿ. ಬಿಲ್ ಕೇಳಿ. ಗಟ್ಟಿಯಾಗಿ ಚೌಕಾಸಿ ಮಾಡಿ. ಇಳಿಸುತ್ತಾನೆ. ಹೊಸ ಮಾರ್ಕಿಗೆ ದುಡ್ಡು ಹೊಂದಿಸುವ ಅವಸರ ಅವನಿಗೆ.